ಮಿನ್ನೀ ಮ್ಯಾಡರ್ನ್ ಫಿಸ್ಕ್

ಮಿನ್ನೀ ಮ್ಯಾಡರ್ನ್ ಫಿಸ್ಕ್ (ಡಿಸೆಂಬರ್ 19, 1865 – ಫೆಬ್ರವರಿ 15, 1932) ಅಮೆರಿಕದ ಪ್ರಸಿದ್ಧ ರಂಗನಟಿ ಹಾಗೂ ನಾಟಕ ನಿರ್ದೇಶಕಿ. 'ಮಿಸೆಸ್ ಫಿಸ್ಕ್' ಎಂಬ ಹೆಸರಿನಿಂದಲೇ ಹೆಚ್ಚು ಪರಿಚಿತರಾಗಿದ್ದ ಇವರು, ನಾರ್ವೆಯ ನಾಟಕಕಾರ ಹೆನ್ರಿಕ್ ಇಬ್ಸನ್‌ನ ಕೃತಿಗಳನ್ನು ಅಮೆರಿಕದ ಪ್ರೇಕ್ಷಕರಿಗೆ ಪರಿಚಯಿಸಿದವರಲ್ಲಿ ಪ್ರಮುಖರು. ದೇಶದ ಪ್ರಮುಖ ನಾಟಕ ಮಂದಿರಗಳನ್ನು ಹಿಡಿತದಲ್ಲಿಟ್ಟುಕೊಂಡಿದ್ದ 'ಥಿಯೇಟ್ರಿಕಲ್ ಸಿಂಡಿಕೇಟ್' ಎಂಬ ಕೂಟವನ್ನು ಹತ್ತು ವರ್ಷಗಳಿಗೂ ಮಿಕ್ಕಿ ಎದುರಿಸಿ ನಿಂತದ್ದರಿಂದ, ಮನರಂಜನಾ ಕ್ಷೇತ್ರದ ಏಕಸ್ವಾಮ್ಯ ವಿರೋಧಿ ಹೋರಾಟದ ಇತಿಹಾಸದಲ್ಲಿಯೂ ಇವರ ಹೆಸರು ಉಳಿದಿದೆ.

ಜನನ ಮತ್ತು ಬಾಲ್ಯ

ಇವರು ಲೂಸಿಯಾನ ರಾಜ್ಯದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಜನಿಸಿದರು. ಮೊದಲ ಹೆಸರು ಮರೀ ಆಗಸ್ಟಾ ಡೇವಿ. ತಂದೆ ಥಾಮಸ್ ಡೇವಿ ನಾಟಕ ಮಂಡಳಿಯ ವ್ಯವಸ್ಥಾಪಕರು. ತಾಯಿ ಎಲಿಜಬೆತ್ ಮ್ಯಾಡರ್ನ್ ನಟಿ. ಮೂರನೆಯ ವಯಸ್ಸಿನಲ್ಲಿಯೇ ಷೇಕ್ಸ್‌ಪಿಯರನ 'ಮೂರನೆಯ ರಿಚರ್ಡ್' ನಾಟಕದ ಬಾಲಪಾತ್ರದಲ್ಲಿ ರಂಗವನ್ನೇರಿದರು. ಊರಿಂದೂರಿಗೆ ಸಂಚರಿಸುವ ಮಂಡಳಿಯೊಂದಿಗೆ ಬೆಳೆದ ಇವರಿಗೆ ರಂಗಭೂಮಿಯೇ ಪಾಠಶಾಲೆಯಾಯಿತು. ತಾಯಿಯ ಮನೆತನದ ಹೆಸರನ್ನು ಸೇರಿಸಿಕೊಂಡು 'ಮಿನ್ನೀ ಮ್ಯಾಡರ್ನ್' ಎಂದು ಖ್ಯಾತರಾದರು.

1882ರಲ್ಲಿ ಸಂಗೀತಗಾರ ಲೆಗ್ರ್ಯಾಂಡ್ ವೈಟ್ ಅವರೊಂದಿಗೆ ನಡೆದ ವಿವಾಹವು ವಿಚ್ಛೇದನದಲ್ಲಿ ಕೊನೆಗೊಂಡಿತು. 1890ರಲ್ಲಿ 'ನ್ಯೂಯಾರ್ಕ್ ಡ್ರಮ್ಯಾಟಿಕ್ ಮಿರರ್' ಪತ್ರಿಕೆಯ ಸಂಪಾದಕ ಹ್ಯಾರಿಸನ್ ಗ್ರೇ ಫಿಸ್ಕ್ ಅವರನ್ನು ವಿವಾಹವಾಗಿ ರಂಗಭೂಮಿಯಿಂದ ದೂರ ಸರಿದರು. ಏಕಸ್ವಾಮ್ಯಗಳನ್ನು ತಡೆಯುವ ಷರ್ಮನ್ ಕಾಯಿದೆಯನ್ನು ಅಮೆರಿಕದ ಸಂಸತ್ತು ಅಂಗೀಕರಿಸಿದ್ದೂ ಅದೇ ವರ್ಷ.

ರಂಗಜೀವನ

1893ರಲ್ಲಿ ರಂಗಕ್ಕೆ ಮರಳಿದ ಫಿಸ್ಕ್, ಮರುವರ್ಷ ಇಬ್ಸನ್‌ನ 'ಗೊಂಬೆಯ ಮನೆ'ಯಲ್ಲಿ ನೋರಾ ಪಾತ್ರವನ್ನು ವಹಿಸಿದರು. ಥಾಮಸ್ ಹಾರ್ಡಿಯ ಕಾದಂಬರಿಯನ್ನು ಆಧರಿಸಿದ 'ಟೆಸ್' (1897) ಇವರಿಗೆ ಅಗ್ರಶ್ರೇಣಿಯ ನಟಿಯೆಂಬ ಮನ್ನಣೆಯನ್ನು ತಂದಿತು. ಥ್ಯಾಕರೆಯ 'ವ್ಯಾನಿಟಿ ಫೇರ್' ಆಧಾರಿತ 'ಬೆಕಿ ಷಾರ್ಪ್' (1899) ಅಷ್ಟೇ ಜನಪ್ರಿಯವಾಯಿತು. ಆ ಕಾಲದ ಅಬ್ಬರದ ಅಭಿನಯಕ್ಕೆ ಬದಲಾಗಿ ಸಂಯಮದ, ಸಹಜವಾದ ನಟನೆಯನ್ನು ಇವರು ರೂಢಿಗೆ ತಂದರು. ತಾರೆಯೊಬ್ಬರನ್ನೇ ಮೆರೆಸದೆ, ಸಣ್ಣ ಪಾತ್ರಗಳಿಗೂ ಸಮರ್ಥ ಕಲಾವಿದರನ್ನು ಆರಿಸುವುದು ಇವರ ಮಂಡಳಿಯ ಕ್ರಮವಾಗಿತ್ತು.

ಸಿಂಡಿಕೇಟ್ ವಿರುದ್ಧ ಹೋರಾಟ

ಕರ್ನಾಟಕದ ವೃತ್ತಿ ನಾಟಕ ಕಂಪನಿಗಳು ಹೋದ ಊರಿನಲ್ಲಿ ತಾತ್ಕಾಲಿಕ ರಂಗಮಂದಿರವನ್ನು ತಾವೇ ಕಟ್ಟಿಕೊಂಡು ಕ್ಯಾಂಪು ಮಾಡುತ್ತಿದ್ದವು. ಅಮೆರಿಕದ ಸಂಚಾರಿ ಮಂಡಳಿಗಳ ಸ್ಥಿತಿ ಬೇರೆಯಾಗಿತ್ತು. ಅವು ಪ್ರತಿ ಊರಿನ ನಾಟಕ ಮಂದಿರವನ್ನು ಅವಲಂಬಿಸಿದ್ದವು. ಗಲ್ಲಾಪೆಟ್ಟಿಗೆಯ ಹಣವನ್ನು ಮಂದಿರದ ಮಾಲೀಕರೊಂದಿಗೆ ಹಂಚಿಕೊಳ್ಳಬೇಕಾಗಿತ್ತು. ದಿನಾಂಕಗಳನ್ನು ಗೊತ್ತುಪಡಿಸುವುದರಲ್ಲಿ ಗೊಂದಲ ಬಹಳ. ಒಂದೇ ದಿನಕ್ಕೆ ಇಬ್ಬರಿಗೆ ಮಾತು ಕೊಡುವುದು, ಕಡೆಯ ಗಳಿಗೆಯಲ್ಲಿ ರದ್ದುಪಡಿಸುವುದು ಸಾಮಾನ್ಯವಾಗಿತ್ತು.

ಈ ಅವ್ಯವಸ್ಥೆಯನ್ನು ಸರಿಪಡಿಸುವುದಾಗಿ 1896ರಲ್ಲಿ ಚಾರ್ಲ್ಸ್ ಫ್ರೋಮನ್, ಏಬ್ ಅರ್ಲಾಂಗರ್, ಮಾರ್ಕ್ ಕ್ಲಾ, ಅಲ್ ಹೇಮನ್, ಸ್ಯಾಮ್ಯುಯೆಲ್ ನಿಕ್ಸನ್ ಮತ್ತು ಫ್ರೆಡರಿಕ್ ಝಿಮ್ಮರ್‌ಮನ್ ಎಂಬ ಆರು ಮಂದಿ ಉದ್ಯಮಿಗಳು ಸಿಂಡಿಕೇಟನ್ನು ರಚಿಸಿದರು. ಇದರಿಂದ ಪ್ರವಾಸದ ವೇಳಾಪಟ್ಟಿಗೆ ಶಿಸ್ತು ಬಂದಿತಾದರೂ ಆ ಅನುಕೂಲಕ್ಕೆ ತೆರಬೇಕಾದ ಬೆಲೆ ದೊಡ್ಡದಾಗಿತ್ತು. ಕೂಟದ ಮಂದಿರಗಳಲ್ಲಿ ಆಡುವವರು ಇತರ ಮಂದಿರಗಳಲ್ಲಿ ಆಡಕೂಡದು. ಇತರ ಮಂಡಳಿಗಳಿಗೆ ಎಡೆಕೊಟ್ಟ ಮಂದಿರಕ್ಕೆ ಕೂಟದ ನಾಟಕಗಳು ಸಿಗುವುದಿಲ್ಲ. ದೊಡ್ಡ ನಗರಗಳ ನಡುವೆ ಬರುವ ಊರುಗಳ ಮಂದಿರಗಳು ಕೈವಶವಾದ ಮೇಲೆ ಪ್ರವಾಸದ ದಾರಿಯೇ ಅವರದಾಯಿತು. ಯಾವ ಊರಿನಲ್ಲಿ ಯಾವ ನಾಟಕ ನಡೆಯಬೇಕು, ಉತ್ಪತ್ತಿಯಲ್ಲಿ ಯಾರಿಗೆಷ್ಟು ಎಂಬುದನ್ನು ಕೂಟವೇ ನಿರ್ಧರಿಸತೊಡಗಿತು.

ರಿಚರ್ಡ್ ಮ್ಯಾನ್ಸ್‌ಫೀಲ್ಡ್, ಫ್ರಾನ್ಸಿಸ್ ವಿಲ್ಸನ್, ನ್ಯಾಟ್ ಗುಡ್ವಿನ್ ಮೊದಲಾದ ಖ್ಯಾತ ನಟರು ಆರಂಭದಲ್ಲಿ ಪ್ರತಿಭಟಿಸಿದರೂ ಕ್ರಮೇಣ ರಾಜಿಯಾದರು. ಫಿಸ್ಕ್ ಮಣಿಯಲಿಲ್ಲ. ಪತಿ ತಮ್ಮ ಪತ್ರಿಕೆಯಲ್ಲಿ ಕೂಟದ ವಿರುದ್ಧ ಲೇಖನಗಳನ್ನು ಪ್ರಕಟಿಸಿ ಮಾನನಷ್ಟ ಮೊಕದ್ದಮೆಯನ್ನು ಎದುರಿಸಿದರು. ಪ್ರಮುಖ ಮಂದಿರಗಳ ಬಾಗಿಲು ಮುಚ್ಚಿದ್ದರಿಂದ ಮಂಡಳಿಯು ಹಲವು ಊರುಗಳಲ್ಲಿ ಎರಡನೆಯ ದರ್ಜೆಯ ರಂಗಮಂದಿರಗಳಲ್ಲಿಯೂ ಸ್ಕೇಟಿಂಗ್ ಅಂಗಣಗಳಲ್ಲಿಯೂ ಆಡಬೇಕಾಯಿತು. ಕೀರ್ತಿಯ ಶಿಖರದಲ್ಲಿದ್ದ ನಟಿಗೆ ಇದು ಸಣ್ಣ ನಷ್ಟವಾಗಿರಲಿಲ್ಲ. ನ್ಯೂಯಾರ್ಕಿನಲ್ಲಿ ನೆಲೆಯೊಂದು ಬೇಕೆಂದು 1901ರಲ್ಲಿ ದಂಪತಿಗಳು ಮ್ಯಾನ್‌ಹಟನ್ ಥಿಯೇಟರನ್ನು ಗುತ್ತಿಗೆಗೆ ಪಡೆದರು. 1906ರವರೆಗೆ ನಡೆದ ಈ ರಂಗಮಂದಿರದಲ್ಲಿ 'ಹೆಡ್ಡಾ ಗ್ಯಾಬ್ಲರ್' (1903), 'ಲೀಯಾ ಕ್ಲೆಷ್ನಾ' (1904) ಮುಂತಾದ ನಾಟಕಗಳು ಪ್ರದರ್ಶನಗೊಂಡವು.

ಕೆಲಕಾಲದ ನಂತರ ನಿರ್ಮಾಪಕ ಡೇವಿಡ್ ಬೆಲಾಸ್ಕೊ ಮತ್ತು ಷುಬರ್ಟ್ ಸಹೋದರರು ಕೂಟದ ವಿರುದ್ಧ ಫಿಸ್ಕ್ ದಂಪತಿಗಳ ಜೊತೆಗೂಡಿದರು. ಫ್ರೆಂಚ್ ನಟಿ ಸಾರಾ ಬರ್ನ್‌ಹಾರ್ಟ್ 1906ರಲ್ಲಿ ಮಂದಿರಗಳು ದೊರೆಯದೆ ಟೆಕ್ಸಾಸ್‌ನಲ್ಲಿ ಡೇರೆಯೊಳಗೆ ಅಭಿನಯಿಸಿದ್ದು ಈ ಪ್ರತಿರೋಧಕ್ಕೆ ದೊಡ್ಡ ಪ್ರಚಾರ ನೀಡಿತು. ಕೂಟದ ಸದಸ್ಯರ ಮೇಲೆ ವ್ಯಾಪಾರ ನಿರ್ಬಂಧದ ಒಳಸಂಚಿನ ಆರೋಪವನ್ನು ಹೊರಿಸಲಾಯಿತಾದರೂ, ನಾಟಕ ಪ್ರದರ್ಶನವು ವ್ಯಾಪಾರದ ಸರಕಲ್ಲ ಎಂಬ ಕಾರಣದಿಂದ 1907ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಕಾನೂನಿನಿಂದ ಆಗದ ಕೆಲಸವನ್ನು ಪೈಪೋಟಿ ಮಾಡಿತು. ಷುಬರ್ಟರು ದೇಶದಾದ್ಯಂತ ಮಂದಿರಗಳನ್ನು ಪಡೆದುಕೊಂಡಂತೆ ಕೂಟದ ಹಿಡಿತ ಸಡಿಲವಾಯಿತು. 1909ರಲ್ಲಿ ಅದರ ಮಂದಿರಗಳು ಫಿಸ್ಕ್ ಅವರಿಗೆ ತೆರೆದುಕೊಂಡವು. 1916ರಲ್ಲಿ ಕೂಟವು ವಿಸರ್ಜನೆಗೊಂಡಿತು.

ಕೊನೆಯ ವರ್ಷಗಳು

ಎಡ್ವರ್ಡ್ ಷೆಲ್ಡನ್ನನ 'ಸಾಲ್ವೇಶನ್ ನೆಲ್' (1908) ಇವರ ನಂತರದ ಯಶಸ್ವೀ ನಾಟಕಗಳಲ್ಲೊಂದು. 'ಟೆಸ್' (1913) ಮತ್ತು 'ವ್ಯಾನಿಟಿ ಫೇರ್' (1915) ಮೂಕಿಚಿತ್ರಗಳಲ್ಲಿಯೂ ನಟಿಸಿದರು. 1927ರಲ್ಲಿ ಇಬ್ಸನ್‌ನ 'ಗೋಸ್ಟ್ಸ್' ನಾಟಕದಲ್ಲಿ ಅಭಿನಯಿಸಿದರು. ಪ್ರಾಣಿದಯೆಯ ಕಾರ್ಯದಲ್ಲಿಯೂ ತೊಡಗಿದ್ದ ಇವರು, ಟೋಪಿಗಳ ಅಲಂಕಾರಕ್ಕಾಗಿ ಬೆಳ್ಳಕ್ಕಿಗಳನ್ನು ಕೊಲ್ಲುವುದನ್ನು ತೀವ್ರವಾಗಿ ವಿರೋಧಿಸಿದರು. 1932ರ ಫೆಬ್ರವರಿ 15ರಂದು ನ್ಯೂಯಾರ್ಕಿನಲ್ಲಿ ನಿಧನರಾದರು.

ನಂತರದ ಬೆಳವಣಿಗೆಗಳು

ಸಿಂಡಿಕೇಟನ್ನು ಮಣಿಸಿದ ಷುಬರ್ಟರು ಮುಂದೆ ತಾವೇ ಅಂತಹ ಏಕಸ್ವಾಮ್ಯವನ್ನು ಸ್ಥಾಪಿಸಿದರು. 1950ರಲ್ಲಿ ಅಮೆರಿಕ ಸರ್ಕಾರವು ಷರ್ಮನ್ ಕಾಯಿದೆಯಡಿ ಅವರ ಮೇಲೆ ಮೊಕದ್ದಮೆ ಹೂಡಿತು. ರಾಜ್ಯದಿಂದ ರಾಜ್ಯಕ್ಕೆ ಸಂಚರಿಸುವ ನಾಟಕೋದ್ಯಮಕ್ಕೂ ಈ ಕಾಯಿದೆ ಅನ್ವಯಿಸುತ್ತದೆಂದು 1955ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಮರುವರ್ಷದ ಒಪ್ಪಂದದಂತೆ ಷುಬರ್ಟರು ಆರು ನಗರಗಳಲ್ಲಿದ್ದ 12 ಮಂದಿರಗಳನ್ನು ಮಾರಬೇಕಾಯಿತು. ಫಿಸ್ಕ್ ಅವರ ಕಾಲದಲ್ಲಿ ನ್ಯಾಯಾಲಯವು ನಿರಾಕರಿಸಿದ್ದ ರಕ್ಷಣೆ ರಂಗಭೂಮಿಗೆ ದೊರೆತದ್ದು ಅವರು ನಿಧನರಾಗಿ 23 ವರ್ಷಗಳಾದ ಮೇಲೆ.

ಇದೇ ಕಾಯಿದೆಯಡಿ 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ ಮತ್ತು ಹಲವು ರಾಜ್ಯಗಳು ಲೈವ್ ನೇಷನ್ ಹಾಗೂ ಅದರ ಅಂಗಸಂಸ್ಥೆ ಟಿಕೆಟ್‌ಮಾಸ್ಟರ್ ವಿರುದ್ಧ ಮೊಕದ್ದಮೆ ಹೂಡಿದವು. ಸಂಗೀತ ಕಛೇರಿಗಳ ಸಭಾಂಗಣಗಳನ್ನು ದೀರ್ಘಾವಧಿಯ ಏಕಮಾತ್ರ ಒಪ್ಪಂದಗಳಿಂದ ಕಟ್ಟಿಹಾಕಲಾಗಿದೆ ಎಂಬುದು ಅದರಲ್ಲಿನ ಆರೋಪಗಳಲ್ಲೊಂದು. ಭಾರತದಲ್ಲಿ ಇಂತಹ ದೂರುಗಳನ್ನು 2002ರ ಸ್ಪರ್ಧಾ ಕಾಯಿದೆಯಡಿ ಭಾರತೀಯ ಸ್ಪರ್ಧಾ ಆಯೋಗವು ಪರಿಶೀಲಿಸುತ್ತದೆ. ಸಿನಿಮಾ ಟಿಕೆಟ್‌ಗಳನ್ನು ಆನ್‌ಲೈನ್ ಮೂಲಕ ಮಾರುವ ಬುಕ್‌ಮೈಶೋ ವಿರುದ್ಧದ ದೂರಿನ ಮೇಲೆ ಆಯೋಗವು 2022ರಲ್ಲಿ ತನಿಖೆಗೆ ಆದೇಶಿಸಿತು.