ಕತ್ತಲಲ್ಲೂ ನಿಲ್ಲದ ಪ್ರಾರ್ಥನೆ

ತೆರೇಸಾ ಎಂದೊಡನೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ಕೋಲ್ಕತ್ತದ ಮದರ್ ತೆರೇಸಾ. ಸನ್ಯಾಸಿನಿಯಾದಾಗ ಅವರು ಆ ಹೆಸರನ್ನು ಆರಿಸಿಕೊಂಡದ್ದು ಫ್ರಾನ್ಸಿನ ಲಿಸಿಯು ಪಟ್ಟಣದ ಸಂತ ತೆರೇಸಾರ ಸ್ಮರಣೆಗಾಗಿ. ಈ ತೆರೇಸಾ ಬದುಕಿದ್ದು ಕೇವಲ 24 ವರ್ಷ. ಅದರಲ್ಲಿ ಕೊನೆಯ ಒಂಬತ್ತು ವರ್ಷಗಳು ಕಳೆದದ್ದು ಕಾರ್ಮೆಲ್ ಮಠದ ಗೋಡೆಗಳ ನಡುವೆ. ಆದರೂ ದೇವರತ್ತ ಮನಸ್ಸನ್ನು ಎತ್ತುವುದು ಹೇಗೆಂದು ಕ್ರೈಸ್ತ ಜಗತ್ತಿಗೆ ತಿಳಿಹೇಳಿದವರಲ್ಲಿ ಅವರ ಹೆಸರು ಮುಂಚೂಣಿಯಲ್ಲಿದೆ.

1873ರ ಜನವರಿ 2ರಂದು ಜನಿಸಿದ ತೆರೇಸಾ, ನಾಲ್ಕೂವರೆ ವರ್ಷದವರಿದ್ದಾಗಲೇ ತಾಯಿಯನ್ನು ಕಳೆದುಕೊಂಡರು. 1887ರಲ್ಲಿ ಪ್ಯಾರಿಸ್ಸಿನಲ್ಲಿ ಮೂವರನ್ನು ಕೊಂದ ಅಪರಾಧಕ್ಕಾಗಿ ಪ್ರಾಂಜಿನಿ ಎಂಬಾತನಿಗೆ ಮರಣದಂಡನೆಯಾಯಿತು. ಪಶ್ಚಾತ್ತಾಪದ ಸುಳಿವೇ ಇಲ್ಲದ ಆ ಕೈದಿಗಾಗಿ ಹದಿನಾಲ್ಕರ ತೆರೇಸಾ ಪ್ರಾರ್ಥನೆಗೆ ತೊಡಗಿದರು. ಮೊರೆ ದೇವರಿಗೆ ಮುಟ್ಟಿತೆಂಬುದಕ್ಕೆ ಒಂದು ಕುರುಹನ್ನೂ ಬೇಡಿದರು. ಪತ್ರಿಕೆ ಓದಕೂಡದೆಂಬುದು ತಂದೆಯ ಕಟ್ಟಳೆ. ಅದನ್ನು ಮೀರಿ, ಮರಣದಂಡನೆ ಜಾರಿಯಾದ ಮರುದಿನ ಪತ್ರಿಕೆ ಬಿಡಿಸಿದರು. ಪಾದ್ರಿಯನ್ನು ದೂರವಿಟ್ಟಿದ್ದ ಪ್ರಾಂಜಿನಿ ಕೊನೆಯ ಗಳಿಗೆಯಲ್ಲಿ ಶಿಲುಬೆಗೆ ಮುತ್ತಿಟ್ಟಿದ್ದ. ಪತ್ರಿಕೆಯ ಅಪರಾಧ ವರದಿಯೊಂದು ಹೀಗೆ ಪ್ರಾರ್ಥನೆಗೆ ಉತ್ತರವಾಗಿ ಒದಗಿದ್ದು ಅಪರೂಪವೇ ಸರಿ.

ಹದಿನೈದಕ್ಕೇ ಮಠ ಸೇರಲು ಅನುಮತಿ ಸುಲಭವಾಗಿರಲಿಲ್ಲ. ರೋಮಿಗೆ ತೆರಳಿ ಪೋಪ್ 13ನೇ ಲಿಯೋ ಅವರ ಮುಂದೆಯೇ ಮಂಡಿಯೂರಿದ ತೆರೇಸಾ, ಕೊನೆಗೆ 1888ರ ಏಪ್ರಿಲ್ 9ರಂದು ಮಠ ಪ್ರವೇಶಿಸಿದರು.

ಗ್ರಂಥಗಳಲ್ಲಿನ ಅಲಂಕಾರದ ಪ್ರಾರ್ಥನೆಗಳನ್ನು ಹುಡುಕುವುದು ಅವರಿಗೆ ಒಗ್ಗಲಿಲ್ಲ. ಮಗು ತಂದೆಯೊಡನೆ ಮಾತನಾಡುವಂತೆ ಮನದಲ್ಲಿದ್ದುದನ್ನು ಹೇಳಿಬಿಡುವುದೇ ಅವರ ಪಾಲಿನ ಪ್ರಾರ್ಥನೆ. ಧ್ಯಾನದ ವೇಳೆ ನಿದ್ದೆ ಬಂದರೂ ಅಳುಕಲಿಲ್ಲ. ಮಲಗಿದ ಮಗುವಿನ ಮೇಲೂ ಹೆತ್ತವರಿಗೆ ಅಷ್ಟೇ ಪ್ರೀತಿಯೆಂದು ನಂಬಿದ್ದರು.

ಈ ಸರಳತೆಯನ್ನು ಮುಗ್ಧತೆಯೆಂದು ತಳ್ಳಿಹಾಕುವಂತಿಲ್ಲ. 1896ರ ಏಪ್ರಿಲ್‌ನಲ್ಲಿ ಕ್ಷಯರೋಗದಿಂದ ರಕ್ತ ಕಾರಿದರು. ಅದರ ಬೆನ್ನಲ್ಲೇ ಸ್ವರ್ಗವಿದೆಯೆಂಬ ನಂಬಿಕೆಯೇ ಮಸುಕಾಯಿತು. ಸಾವಿನಾಚೆ ಶೂನ್ಯವಲ್ಲದೆ ಬೇರೇನೂ ಇಲ್ಲವೆಂಬ ಅನುಮಾನ ಹದಿನೆಂಟು ತಿಂಗಳು ಕಾಡಿತು. ಸಾಂತ್ವನದ ಲವಲೇಶವೂ ದೊರೆಯದ ಆ ದಿನಗಳಲ್ಲಿ ವಿಶ್ವಾಸ ಪ್ರಮಾಣವನ್ನು ತಮ್ಮ ರಕ್ತದಿಂದಲೇ ಬರೆದು ಎದೆಯ ಬಳಿ ಇರಿಸಿಕೊಂಡರು. ಏನೂ ಕಾಣದಿದ್ದರೂ ದೇವರೊಡನೆ ಮಾತು ನಿಲ್ಲಿಸಲಿಲ್ಲ.

ಅವರು ಕೊನೆಯುಸಿರೆಳೆದದ್ದು 1897ರ ಸೆಪ್ಟೆಂಬರ್ 30ರಂದು. ಮರುವರ್ಷ ಅವರ ಆತ್ಮಕಥೆ ಪ್ರಕಟವಾಯಿತು. 1925ರಲ್ಲಿ ಸಂತ ಪದವಿ, 1997ರಲ್ಲಿ ಧರ್ಮಸಭೆಯ ಪಂಡಿತರೆಂಬ ಗೌರವ ಸಂದವು. ಆತ್ಮಕಥೆಯ ಕಡೆಯ ಪುಟಗಳನ್ನು ಬರೆಯುವಾಗ ಲೇಖನಿ ಹಿಡಿಯುವಷ್ಟೂ ತ್ರಾಣವಿರಲಿಲ್ಲ. ಪೆನ್ಸಿಲಿನಲ್ಲಿ ಬರೆದ ಆ ಹಸ್ತಪ್ರತಿ ದೇವರ ಮೇಲಿನ ಭರವಸೆ ಮತ್ತು ಪ್ರೀತಿಯ ಮಾತಿನೊಂದಿಗೆ ನಿಂತಿದೆ.