ಚಂಡಮಾರುತದ ಗತಿಯನ್ನರಿತ ಹೆನ್ರಿ ಪಿಡಿಂಗ್ಟನ್

ಪ್ರಕೃತಿಯ ಪ್ರಕೋಪವನ್ನು ತಡೆಯುವ ಶಕ್ತಿ ಮಾನವನಿಗಿಲ್ಲ. ಆದರೆ ಅದರ ಬರವನ್ನು ಮುಂದಾಗಿ ಅರಿತು, ದಾರಿಯಿಂದ ಸರಿದು ನಿಲ್ಲುವ ವಿವೇಕವನ್ನು ಅವನು ಸಂಪಾದಿಸಬಲ್ಲನು. ಬಂಗಾಳ ಕೊಲ್ಲಿಯ ಬಿರುಗಾಳಿಗಳ ವಿಷಯದಲ್ಲಿ ಈ ವಿವೇಕದ ಬೀಜವನ್ನು ಬಿತ್ತಿದವರಲ್ಲಿ ಹೆನ್ರಿ ಪಿಡಿಂಗ್ಟನ್ನರು ಅಗ್ರಗಣ್ಯರು.

1797ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಪಿಡಿಂಗ್ಟನ್ನರು ವ್ಯಾಪಾರಿ ಹಡಗುಗಳ ನಾಯಕರಾಗಿದ್ದು, ತರುವಾಯ ಬಂಗಾಳದಲ್ಲಿ ನೆಲಸಿದರು. ಕಲ್ಕತ್ತೆಯಲ್ಲಿ ಭೂವಿಜ್ಞಾನ ಸಂಗ್ರಹಾಲಯದ ಪಾಲಕರಾಗಿಯೂ ಮುಂದೆ ನೌಕಾ ವಿಚಾರಣಾ ನ್ಯಾಯಮಂಡಲಿಯ ಅಧ್ಯಕ್ಷರಾಗಿಯೂ ಸೇವೆ ಸಲ್ಲಿಸಿದರು. ಬಿರುಗಾಳಿಗಳ ನಿಯಮವನ್ನು ಕುರಿತು ವಿಲಿಯಂ ರೀಡ್ 1838ರಲ್ಲಿ ಪ್ರಕಟಿಸಿದ ಗ್ರಂಥವು ಅವರ ಬಾಳಿಗೆ ಹೊಸ ಗುರಿಯನ್ನು ತೋರಿತು.

ಅಂದು ಉಪಗ್ರಹವಾಗಲಿ ನಿಸ್ತಂತು ಯಂತ್ರವಾಗಲಿ ಇರಲಿಲ್ಲ. ಬಿರುಗಾಳಿಗೆ ಸಿಲುಕಿ ಪಾರಾಗಿ ಬಂದ ಹಡಗುಗಳ ದಿನಚರಿ ಪುಸ್ತಕಗಳೇ ಅವರಿಗೆ ಆಧಾರ. ಯಾವ ಹೊತ್ತಿನಲ್ಲಿ ಗಾಳಿ ಯಾವ ದಿಕ್ಕಿನಿಂದ ಬೀಸಿತು, ವಾಯುಭಾರಮಾಪಕದ ಪಾದರಸ ಎಷ್ಟು ಇಳಿಯಿತು ಎಂಬ ವಿವರಗಳನ್ನು ಅವರು ಒಂದೇ ನಕ್ಷೆಯ ಮೇಲೆ ಗುರುತಿಸಿದರು. ಬಿರುಗಾಳಿಯು ತನ್ನ ಕೇಂದ್ರವನ್ನು ಸುತ್ತುತ್ತಲೇ ಮುಂದೆ ಸಾಗುವುದೆಂಬ ತತ್ತ್ವ ಇದರಿಂದ ದೃಢಪಟ್ಟಿತು. 1839ರಿಂದ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಕುರಿತು ಅವರ ಇಪ್ಪತ್ತಕ್ಕೂ ಹೆಚ್ಚು ಪ್ರಬಂಧಗಳು ಬೆಳಕು ಕಂಡವು.

1848ರಲ್ಲಿ ನಾವಿಕರಿಗಾಗಿಯೇ ಕೈಪಿಡಿಯೊಂದನ್ನು ರಚಿಸಿದರು. ಸರ್ಪದ ಸುರುಳಿಯನ್ನು ಸೂಚಿಸುವ ಗ್ರೀಕ್ ಪದದಿಂದ ಸೈಕ್ಲೋನ್ ಎಂಬ ಹೆಸರನ್ನು ಅವರು ನಿರ್ಮಿಸಿದರು. ಕೈಪಿಡಿಯೊಡನೆ, ಗಾಳಿಯ ಸುತ್ತನ್ನು ಬಾಣಗಳಿಂದ ಗುರುತಿಸಿದ, ಕೊಂಬಿನಿಂದ ಮಾಡಿದ ಪಾರದರ್ಶಕ ಹಾಳೆಗಳಿದ್ದವು. ಅದನ್ನು ಸಮುದ್ರದ ನಕ್ಷೆಯ ಮೇಲಿಟ್ಟರೆ ಬಿರುಗಾಳಿಯ ಕೇಂದ್ರ ಯಾವ ಕಡೆಗಿದೆಯೆಂದು ತಿಳಿಯಬಹುದಾಗಿತ್ತು. ಭೂಮಧ್ಯರೇಖೆಯ ಉತ್ತರದಲ್ಲಿ, ಗಾಳಿಗೆ ಮುಖಮಾಡಿ ನಿಂತವನ ಬಲಗಡೆಗೆ ಅದು ಇರುವುದು. ಇಷ್ಟನ್ನರಿತ ನಾವಿಕನು ಹಡಗನ್ನು ತಿರುಗಿಸಿ ಪ್ರಾಣಗಳನ್ನು ಉಳಿಸಬಲ್ಲನು.

ಆದರೆ ದಡದ ಊರು ಸರಿದು ಹೋಗಲಾರದು. 1789ರಲ್ಲಿ ಗೋದಾವರಿಯ ಮುಖದ ಬಳಿಯ ಕೋರಂಗಿ ಪಟ್ಟಣವನ್ನು ಒಂದರ ಹಿಂದೊಂದಾಗಿ ಬಂದ ಹೆದ್ದೆರೆಗಳು ನುಂಗಿದ ವೃತ್ತಾಂತವನ್ನು ಅವರು ಬಲ್ಲವರಾಗಿದ್ದರು. ಗಾಳಿಗಿಂತಲೂ ಗಾಳಿ ಹೊತ್ತು ತರುವ ನೀರೇ ಘೋರವೆಂಬುದು ಅವರಿಗೆ ಮನದಟ್ಟಾಗಿತ್ತು. ಹೂಗ್ಲಿ ನದಿ ಹೂಳಿನಿಂದ ತುಂಬುವುದೆಂಬ ಭಯದಿಂದ, ಸುಂದರಬನದಂಚಿನ ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರನ್ನು ಕಟ್ಟಲು ಸರ್ಕಾರ ಹೊರಟಾಗ, 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯವರಿಗೆ ಬಹಿರಂಗ ಪತ್ರವನ್ನು ಬರೆದು, ಒಂದು ದಿನ ಕಡಲು ಉಕ್ಕಿ ಈ ನೆಲೆಯನ್ನು ಮುಳುಗಿಸುವುದೆಂದು ಎಚ್ಚರಿಸಿದರು. ಎಚ್ಚರಿಕೆಗೆ ಮನ್ನಣೆ ದೊರೆಯಲಿಲ್ಲ. ಪೋರ್ಟ್ ಕ್ಯಾನಿಂಗ್ ಮೇಲೆದ್ದಿತು. 1858ರಲ್ಲಿ ಪಿಡಿಂಗ್ಟನ್ನರು ಕಲ್ಕತ್ತೆಯಲ್ಲಿ ಕಾಲವಶರಾದರು. 1867ರ ನವೆಂಬರ್ 1ರಂದು ಬಿರುಗಾಳಿಯೊಡನೆ ಸುಮಾರು 6 ಅಡಿಯ ಅಲೆ ನುಗ್ಗಿತು. ಕೆಲವೇ ವರ್ಷಗಳಲ್ಲಿ ಆ ಬಂದರು ಹಾಳುಬಿದ್ದಿತು.

ಅವರ ಶ್ರಮ ಮಾತ್ರ ವ್ಯರ್ಥವಾಗಲಿಲ್ಲ. 1864ರ ಕಲ್ಕತ್ತೆಯ ಚಂಡಮಾರುತವು ಸಾವಿರಾರು ಜನರನ್ನು ಬಲಿಗೊಂಡ ಬಳಿಕ, 1865ರಲ್ಲಿ ಆ ಬಂದರಿಗೆ ಮುನ್ಸೂಚನೆ ಕೊಡುವ ಏರ್ಪಾಡಾಯಿತು. 1875ರಲ್ಲಿ ಭಾರತದ ಹವಾಮಾನ ಇಲಾಖೆ ಸ್ಥಾಪಿತವಾಯಿತು. ಇಂದು ಉಪಗ್ರಹದ ಕಣ್ಣು ಕಡಲಿನ ಮೇಲಿದೆ; ಪಿಡಿಂಗ್ಟನ್ನರು ಇಟ್ಟ ಹೆಸರು ಲೋಕದ ನಾಲಗೆಯ ಮೇಲಿದೆ. ಅರಿತವನು ಹೇಳುವುದು ಎಷ್ಟು ಮುಖ್ಯವೋ, ಅಧಿಕಾರದಲ್ಲಿರುವವನು ಕಿವಿಗೊಡುವುದೂ ಅಷ್ಟೇ ಮುಖ್ಯವೆಂಬುದು ಈ ಚರಿತೆ ಕಲಿಸುವ ಪಾಠ.