ಡಾಕ್ಟರ್ ಎಲ್ಸಿ ಇಂಗ್ಲಿಸ್

ಯುದ್ಧವೆಂದೊಡನೆ ನಾವು ತೋಪು, ತುಪಾಕಿ, ಜಯಘೋಷಗಳನ್ನು ನೆನೆಯುತ್ತೇವೆ. ಆದರೆ ಸಿಪಾಯಿಯ ದಿನಗಳು ಬಹುಮಟ್ಟಿಗೆ ಕಳೆಯುವುದು ಕೆಸರು, ಹಸಿಹುಲ್ಲಿನ ಹಾಸಿಗೆ, ವಾರಗಟ್ಟಲೆ ಒಗೆಯದ ಉಡುಪು, ಆ ಉಡುಪಿನ ಮಡಿಕೆಗಳಲ್ಲಿ ಸೇರಿದ ಹೇನು, ಇವುಗಳ ನಡುವೆ. 1914ರಲ್ಲಿ ಆರಂಭವಾದ ಮಹಾಯುದ್ಧದಲ್ಲಿ ಈ ಅಲ್ಪ ಶತ್ರುವಿನೊಡನೆ ಹೋರಾಡಿದವರಲ್ಲಿ ಡಾಕ್ಟರ್ ಎಲ್ಸಿ ಇಂಗ್ಲಿಸಳು ಮುಖ್ಯಳು.

ಈಕೆಯು ಹುಟ್ಟಿದ್ದು ನಮ್ಮ ದೇಶದಲ್ಲಿಯೇ. 1864ನೆಯ ಇಸವಿ ಆಗಸ್ಟ್ 16ರಂದು ಹಿಮಾಲಯದ ಮಡಿಲಿನ ನೈನಿತಾಲದಲ್ಲಿ ಜನಿಸಿದಳು. ತಂದೆಯು ಇಲ್ಲಿ ಸರಕಾರದ ಉನ್ನತ ಅಧಿಕಾರಿಯಾಗಿದ್ದನು. ಮಗಳ ವಿದ್ಯಾಭ್ಯಾಸಕ್ಕೆ ಆತನ ಬೆಂಬಲವು ಪೂರ್ಣವಾಗಿತ್ತು. ಹೆಂಗಸರು ವೈದ್ಯರಾಗುವುದನ್ನು ಜನರು ಇನ್ನೂ ಹುಬ್ಬುಗಂಟಿಕ್ಕಿ ನೋಡುತ್ತಿದ್ದ ಆ ಕಾಲದಲ್ಲಿ ಎಡಿನ್‌ಬರೋ ನಗರದಲ್ಲಿ ವೈದ್ಯವಿದ್ಯೆಯನ್ನು ಕಲಿತು, 1892ರಲ್ಲಿ ತೇರ್ಗಡೆ ಹೊಂದಿದಳು. 1904ರಲ್ಲಿ ಅದೇ ನಗರದ ಬಡ ಸ್ತ್ರೀಯರಿಗಾಗಿ, ಸ್ತ್ರೀಯರೇ ನಡೆಸುವ ಚಿಕ್ಕ ಆಸ್ಪತ್ರೆಯೊಂದನ್ನು ತೆರೆದಳು.

ಯುದ್ಧವು ಹೊತ್ತಿಕೊಂಡಾಗ ಈಕೆಗೆ ಐವತ್ತು ವರುಷ. ಸೇನೆಯ ಆಸ್ಪತ್ರೆಗಳಲ್ಲಿ ದುಡಿಯುವೆನೆಂದು ಕೇಳಿದಾಗ ಯುದ್ಧ ಕಚೇರಿಯವರು, ಮನೆಗೆ ಹೋಗಿ ಸುಮ್ಮನೆ ಕುಳಿತಿರುವಂತೆ ಬುದ್ಧಿ ಹೇಳಿ ಕಳುಹಿಸಿದರು. ಈಕೆಯು ಮನೆಗೇನೋ ಹೋದಳು, ಸುಮ್ಮನೆ ಮಾತ್ರ ಕೂಡಲಿಲ್ಲ! ಸ್ತ್ರೀಯರ ಮತದ ಹಕ್ಕಿಗಾಗಿ ದುಡಿಯುತ್ತಿದ್ದ ಗೆಳತಿಯರನ್ನು ಕೂಡಿಸಿ, ಹಣವೆತ್ತಿ, ಸ್ಕಾಟಿಷ್ ಸ್ತ್ರೀಯರ ಆಸ್ಪತ್ರೆಗಳೆಂಬ ಸಂಸ್ಥೆಯನ್ನು ಕಟ್ಟಿದಳು. ಸ್ವದೇಶವು ಬೇಡವೆಂದುದನ್ನು ಫ್ರಾನ್ಸ್, ಸೆರ್ಬಿಯ ದೇಶಗಳು ಸಂತೋಷದಿಂದ ಬರಮಾಡಿಕೊಂಡವು.

1915ರ ಆರಂಭದಲ್ಲಿ ಸೆರ್ಬಿಯದ ಸ್ಥಿತಿಯು ಹೃದಯವಿದ್ರಾವಕವಾಗಿತ್ತು. ಗಾಯಗೊಂಡವರೂ ಜ್ವರದವರೂ ಒಂದೇ ಹಾಸಿಗೆಯಲ್ಲಿ ಇಬ್ಬರು ಮೂವರಾಗಿ ಮಲಗಿದ್ದರು. ಹಾಸಿಗೆ ಸಿಕ್ಕದವರಿಗೆ ನೆಲದ ಮೇಲಿನ ಕೊಳೆತ ಹುಲ್ಲೇ ಗತಿ. ಟೈಫಸ್ ಜ್ವರವು ದೇಶವನ್ನೆಲ್ಲ ವ್ಯಾಪಿಸಿ, ಲಕ್ಷಕ್ಕೂ ಮಿಕ್ಕ ಜನರನ್ನು ಆಹುತಿ ತೆಗೆದುಕೊಂಡಿತು. ಇದನ್ನು ಹರಡುವುದು ಬಟ್ಟೆಯ ಹೇನೆಂಬುದು 1909ರಲ್ಲಿಯೇ ತಿಳಿದಿತ್ತು. ಆದರೆ ಬದಲಿ ಅಂಗಿಯೊಂದೂ ಇಲ್ಲದ ಸಿಪಾಯಿಗೆ ಆ ತಿಳಿವಿನಿಂದ ಏನು ಪ್ರಯೋಜನ? ಕ್ರಾಗುಯೆವಾತ್ಸ್ ಪಟ್ಟಣದಲ್ಲಿದ್ದ ಈ ಸಂಸ್ಥೆಯ ಮೊದಲ ತಂಡದಲ್ಲಿಯೇ ಮೂವರು ದಾದಿಯರು ರೋಗಕ್ಕೆ ತುತ್ತಾದರು. ತಂಡದ ಮುಖ್ಯಸ್ಥಳೂ ಕಾಯಿಲೆ ಬೀಳಲು, ಆ ಸ್ಥಾನಕ್ಕೆ ಎಲ್ಸಿಯು ತಾನೇ ಹೊರಟಳು. ಅಲ್ಲಿ ನಡೆದ ಚಿಕಿತ್ಸೆಯ ಬಹುಭಾಗವು ಉಡುಪನ್ನು ಬೇಯಿಸುವುದು, ಮೀಯಿಸುವುದು, ನೆಲವನ್ನು ಉಜ್ಜುವುದು, ಚರಂಡಿ ತೋಡಿಸುವುದು. ಮನೆವಾರ್ತೆಯೆಂದು ನಾವು ಹಗುರಾಗಿ ಎಣಿಸುವ ಕೆಲಸಗಳಿವು.

ಆ ವರುಷದ ಶರತ್ಕಾಲದಲ್ಲಿ ಶತ್ರುಸೇನೆಗಳು ನುಗ್ಗಿ ಬಂದುವು. ಸೆರ್ಬಿಯದ ಸೈನ್ಯವು ಹಿಮದ ಬೆಟ್ಟಗಳನ್ನು ದಾಟಿ ಹಿಂಜರಿಯಿತು. ನಡೆಯಲಾರದ ರೋಗಿಗಳನ್ನು ಬಿಟ್ಟುಹೋಗಲು ಒಪ್ಪದೆ ಎಲ್ಸಿಯು ಕ್ರುಶೆವಾತ್ಸ್ ಎಂಬಲ್ಲಿ ನಿಂತು ಸೆರೆಯಾದಳು. ಅಲ್ಲಿಯ ಆಸ್ಪತ್ರೆಯಲ್ಲಿ ಸ್ಥಳವಿದ್ದುದಕ್ಕಿಂತ ಬಹಳ ಹೆಚ್ಚು ಜನರು ಕಿಕ್ಕಿರಿದಿದ್ದರು. ಅನ್ನಕ್ಕೂ ಸೌದೆಗೂ ಕೊರತೆ, ಚಳಿಯು ಭೀಕರ. ಹಾಗಿದ್ದರೂ ಶುಚಿತ್ವದ ನಿಯಮವನ್ನು ಒಂದು ದಿನವೂ ಸಡಿಲಿಸಲಿಲ್ಲ. 1916ರ ಫೆಬ್ರವರಿಯಲ್ಲಿ ಬಿಡುಗಡೆಯಾಗಿ ಊರಿಗೆ ಮರಳಿದಳು. ಸೆರ್ಬಿಯದ ಶ್ವೇತ ಗರುಡ ಪದವಿಯನ್ನು ಪಡೆದ ಮೊದಲ ಸ್ತ್ರೀಯು ಈಕೆಯೇ.

ಅದೇ ವರುಷ ಮತ್ತೆ ರಷ್ಯಕ್ಕೆ ಹೋಗಿ, ರುಮೇನಿಯದ ರಣರಂಗದಲ್ಲಿ ಸೆರ್ಬ್ ಸೈನಿಕರ ಶುಶ್ರೂಷೆ ಮಾಡಿದಳು. ಅಷ್ಟರಲ್ಲಿ ಅರ್ಬುದ ರೋಗವು ದೇಹವನ್ನು ಹಿಡಿದಿತ್ತು. ಸಂಗಡಿಗರಿಗೆ ಅದನ್ನು ತೋರಗೊಡಲಿಲ್ಲ. 1917ರಲ್ಲಿ ರಷ್ಯವು ಅಲ್ಲೋಲಕಲ್ಲೋಲವಾದಾಗ ಊರಿಗೆ ಮರಳುವಂತೆ ಕರೆ ಬಂದರೂ, ಸೆರ್ಬ್ ದಳವು ಅಲ್ಲಿಂದ ಹೊರಡುವ ಏರ್ಪಾಡಾಗದೆ ತಾನು ಕದಲುವುದಿಲ್ಲವೆಂದು ಹಟ ಹಿಡಿದಳು. ನವೆಂಬರಿನಲ್ಲಿ ಅದು ಕೈಗೂಡಿತು. ಹಡಗು ನ್ಯೂಕಾಸಲ್ ರೇವನ್ನು ಮುಟ್ಟಿದಾಗ, ನಿಲ್ಲಲೂ ಶಕ್ತಿಯಿಲ್ಲದ ಈಕೆಯು ಮಾಸಿದ ಸಮವಸ್ತ್ರವನ್ನು ಧರಿಸಿ ಮೇಲಟ್ಟದಲ್ಲಿ ನಿಂತು, ಸೆರ್ಬ್ ಅಧಿಕಾರಿಗಳನ್ನು ಒಬ್ಬೊಬ್ಬರಾಗಿ ಬೀಳ್ಕೊಟ್ಟಳು. ಮರುದಿನ, ನವೆಂಬರ್ 26ರಂದು, ತೀರಿಕೊಂಡಳು.